ಭರ್ತಿಗೆ ಮುಂಚೆ ಇತ್ಯರ್ಥವಾಗಬೇಕಾದ ಮಾತು: ಬೆಟಗೇರಿಯ ಒಂದು ಪ್ರಕರಣ

19 ವರ್ಷದ ಹುಡುಗ. ಗದಗಿನ ಪಕ್ಕದ ಬೆಟಗೇರಿಯ ನೇಕಾರರ ಮನೆ. ಮುತ್ತಜ್ಜನ ಕಾಲದಿಂದ ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಬಂದ ಬಾಸೆಲ್ ಮಿಶನ್ ಎಂಬ ಪ್ರೊಟೆಸ್ಟಂಟ್ ಸಭೆಯವರು, ಈಗ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐ. ಪಿಯುಸಿ ವಿಜ್ಞಾನ ಮುಗಿದಿದೆ. ಅಗ್ನಿವೀರ್ ಜನರಲ್ ಡ್ಯೂಟಿಗೆ ಆನ್‌ಲೈನ್ ಪರೀಕ್ಷೆ ಬರೆದ, ರ್‍ಯಾಲಿಯಲ್ಲಿ ಓಡಿದ, ಮೆಡಿಕಲ್ ಪಾಸಾದ, ಮೆರಿಟ್ ಪಟ್ಟಿಯಲ್ಲಿ ಹೆಸರೂ ಬಂತು. ಓಣಿಗೆಲ್ಲ ಪೇಢೆ ಹಂಚಿದ್ದಾಯಿತು. ಹೊರಡಲು ಇನ್ನು ಐದು ವಾರ ಇದೆ ಎನ್ನುವಾಗ, ಆರಾಧನೆ ಮುಗಿದು ಎಲ್ಲರೂ ಚದುರಿದ ಮೇಲೆ, ಸಭಾಪಾಲಕರ ಹತ್ತಿರ ಬಂದು ಕೇಳಿದ: “ಅಯ್ಯನವರ, ಗಡಿಯಾಗ ನನ್ನ ಗುಂಡಿಗೆ ಒಬ್ಬ ಸತ್ತ ಅಂತ ತಿಳೀರಿ. ಸೂಟಿಗೆ ಊರಿಗೆ ಬಂದಾಗ ಐತವಾರ ಕರ್ತನ ಭೋಜನಕ್ಕ ಕೈ ಚಾಚಬಹುದೇನ್ರಿ?”

ಇದು ಒಬ್ಬ ವ್ಯಕ್ತಿಯ ಕಥೆಯಲ್ಲ. ಇಂಥ ಮನೆಗಳಲ್ಲಿ ಏಳುವ ಪ್ರಶ್ನೆಗಳನ್ನು ಒಂದೇ ಮನೆಗೆ ತಂದು ಕಟ್ಟಿದ ಮಾದರಿ ಪ್ರಕರಣ. ಕಾನೂನು, ಇತಿಹಾಸ, ವಾಕ್ಯಗಳು ಮಾತ್ರ ಇದ್ದದ್ದು ಇದ್ದ ಹಾಗೇ.

ಕರ್ತನ ಭೋಜನವೆಂದರೆ ಯೇಸುವಿನ ಮರಣದ ನೆನಪಿಗೆ ಸಭೆ ಒಟ್ಟಾಗಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ವಿಧಿ. ಹುಡುಗನ ಪ್ರಶ್ನೆಯನ್ನು ಸರಿಯಾಗಿ ಕೇಳಿಸಿಕೊಳ್ಳಬೇಕು. ಯುದ್ಧ ಸರಿಯೋ ತಪ್ಪೋ ಎಂದು ಅವನು ಕೇಳಲಿಲ್ಲ. ಊರು ಕಾಯುವುದರಲ್ಲಿ ಅವನಿಗೆ ಅನುಮಾನವಿಲ್ಲ. ಕೊಂದ ಕೈಯನ್ನು ಸಭೆ ಏನು ಮಾಡುತ್ತದೆ ಎಂದು ಕೇಳಿದ. ಇದಕ್ಕೆ “ದೇಶಸೇವೆಯೇ ದೇವರ ಸೇವೆ, ಧೈರ್ಯವಾಗಿ ಹೋಗು” ಎಂದು ಬೆನ್ನು ತಟ್ಟಿದರೆ ಉತ್ತರವಾಗುವುದಿಲ್ಲ. ಬಹಳಷ್ಟು ಕಡೆ ಆಗುವುದು ಅಷ್ಟೇ: ಒಂದು ಹಾರ, ಒಂದು ಪ್ರಾರ್ಥನೆ, ಒಂದು ಗ್ರೂಪ್ ಫೋಟೊ.

ಮನೆಯೊಳಗೆ ನಾಲ್ಕು ಮಾತು ನಡೆದಿದ್ದವು. ಮಗ್ಗದ ಆದಾಯ ಇಳಿದ ಮನೆಯಲ್ಲಿ ಅಪ್ಪನ ಲೆಕ್ಕ ಸ್ಪಷ್ಟ: ಮೊದಲ ವರ್ಷ ತಿಂಗಳಿಗೆ 30,000, ಅದರಲ್ಲಿ 9,000 ಸೇವಾನಿಧಿಗೆ ಕಡಿತವಾಗಿ ಕೈಗೆ 21,000, ನಾಲ್ಕನೆಯ ವರ್ಷ 40,000ದಲ್ಲಿ ಕೈಗೆ 28,000, ಹೊರಬರುವಾಗ ಸುಮಾರು 11.71 ಲಕ್ಷ. ಅಜ್ಜ ಸಭೆಯ ಹಿರಿಯರು. ಅವರು ಬೈಬಲಿನಲ್ಲಿ ಪೌಲ ರೋಮಾಪುರದವರಿಗೆ ಬರೆದ ಪತ್ರದ 13ನೆಯ ಅಧ್ಯಾಯ ತೆರೆದಿಟ್ಟು ಮಾತು ಮುಗಿಸಿದರು. ಅಧಿಕಾರಿ ಸುಮ್ಮನೆ ಕತ್ತಿ ಹಿಡಿದಿಲ್ಲ, ಅಲ್ಲಿಗೆ ಆಯಿತು. ಅಣ್ಣ ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದಾನೆ, ಅಲ್ಲಿಯ ಒಂದು ಪ್ರಾರ್ಥನಾ ಕೂಟಕ್ಕೆ ಹೋಗುತ್ತಾನೆ. ಅವನು ಮತ್ತಾಯ 5 ಹಿಡಿದ. ವೈರಿಯನ್ನು ಪ್ರೀತಿಸು ಅಂದವನ ಹಿಂದೆ ಹೋಗುವವನು ವೈರಿಗೆ ಗುರಿ ಇಡುವುದು ಹೇಗೆ? ಅವ್ವ ವಾಕ್ಯದ ಮಾತೇ ಎತ್ತಲಿಲ್ಲ. “ನನ್ನ ಕೂಸು ಹೊಳ್ಳಿ ಬಂದ್ರ ಸಾಕ್ರಿ” ಎಂದಷ್ಟೇ ಅಂದರು.

ಮೊದಲು ಮಾಡಬೇಕಾದದ್ದು ಬೈಬಲ್ ಅಧ್ಯಯನವಲ್ಲ, ಕಾಗದ ನೋಡುವುದು. ಹುಡುಗ ಕಾನೂನಿನ ಯಾವ ಕಡೆ ನಿಂತಿದ್ದಾನೆ ಎನ್ನುವುದರ ಮೇಲೆ ಉಳಿದ ಮಾತೆಲ್ಲ ನಿಂತಿದೆ. ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ತರಬೇತಿ ಮುಗಿದು ಕಸಂ ಪರೇಡ್‌ನಲ್ಲಿ ಪ್ರತಿಜ್ಞೆ ಮಾಡಿದ ಮೇಲೆಯೇ ಬಂಧನ, ಅಲ್ಲಿಯವರೆಗೆ ವಾಪಸು ಬರಬಹುದು ಎಂದು ಮನೆಯವರು ಭಾವಿಸುತ್ತಾರೆ. ಹಾಗಿಲ್ಲ. ಸಹಿ ಹಾಕಿಸಿಕೊಂಡು ಸೇನೆಯ ಪಟ್ಟಿಗೆ ಹೆಸರು ಸೇರಿಸುವುದೇ ಎನ್‌ರೋಲ್‌ಮೆಂಟ್. 1950ರ ಸೇನಾ ಕಾಯ್ದೆ ಎನ್‌ರೋಲ್‌ಮೆಂಟ್ ಆದ ದಿನದಿಂದಲೇ ಅನ್ವಯಿಸುತ್ತದೆ. ಅದಕ್ಕೂ ಮುಂಚೆ ಮನಸ್ಸು ಬದಲಾದರೆ ಹುಡುಗ ಹಾಜರಾಗದೇ ಇರಬಹುದು. ಸಿಕ್ಕ ಅವಕಾಶ ಕೈತಪ್ಪುತ್ತದೆ, ಅಷ್ಟೇ. ಎನ್‌ರೋಲ್‌ಮೆಂಟ್ ಆದ ಮೇಲೆ ಅಗ್ನಿವೀರ ತನ್ನಿಚ್ಛೆಯಿಂದ ನಾಲ್ಕು ವರ್ಷದ ಮಧ್ಯೆ ಹೊರಬರುವಂತಿಲ್ಲ. ತೀರಾ ಅಪರೂಪದ ಸಂದರ್ಭಕ್ಕೆ ಮೇಲಧಿಕಾರಿಗಳ ಮಂಜೂರಿ ಬೇಕು. ಹೇಳದೆ ಓಡಿ ಬಂದರೆ 38ನೆಯ ಸೆಕ್ಷನ್: ಸಕ್ರಿಯ ಸೇವೆಯಲ್ಲಿದ್ದಾಗ ಮರಣದಂಡನೆಯವರೆಗೆ, ಇಲ್ಲದಿದ್ದರೆ 7 ವರ್ಷದವರೆಗೆ ಜೈಲು. ಕಾನೂನುಬದ್ಧ ಆಜ್ಞೆಯನ್ನು ಎದುರುನಿಂತು ಧಿಕ್ಕರಿಸಿದರೆ 41ನೆಯ ಸೆಕ್ಷನ್: 14 ವರ್ಷದವರೆಗೆ.

ಕಡ್ಡಾಯ ಸೈನ್ಯಭರ್ತಿ ನಮ್ಮಲ್ಲಿಲ್ಲ. ಆದ್ದರಿಂದ ಬೇರೆ ಕೆಲವು ದೇಶಗಳಲ್ಲಿರುವಂತೆ “ನನ್ನ ಆತ್ಮಸಾಕ್ಷಿ ಒಪ್ಪುವುದಿಲ್ಲ, ಬೇರೆ ಕೆಲಸ ಕೊಡಿ” ಎಂದು ಅರ್ಜಿ ಹಾಕುವ ವ್ಯವಸ್ಥೆಯೂ ಬೆಳೆದಿಲ್ಲ. ಸೇರುವುದು ಸ್ವಂತ ಇಚ್ಛೆ. ಸೇರಿದ ಮೇಲೆ ಈ ಯುದ್ಧಕ್ಕೆ ಬರುತ್ತೇನೆ, ಆ ಯುದ್ಧಕ್ಕೆ ಬರುವುದಿಲ್ಲ ಎನ್ನುವಂತಿಲ್ಲ. ಹಾಗಾಗಿ ಭಾರತದ ಕ್ರೈಸ್ತ ಹುಡುಗನಿಗೆ ಆತ್ಮಸಾಕ್ಷಿಯ ಬಾಗಿಲು ಒಂದೇ ಕಡೆ ಪೂರ್ತಿ ತೆರೆದಿರುತ್ತದೆ: ಎನ್‌ರೋಲ್‌ಮೆಂಟ್‌ನ ಈಚೆ. ಆ ಐದು ವಾರ ಸಭೆಯ ಕೈಯಲ್ಲಿರುವ ಸಮಯ. ಅದನ್ನು ಬೀಳ್ಕೊಡುಗೆ ಸಮಾರಂಭಕ್ಕೆ ಕಳೆಯುವುದು ದೊಡ್ಡ ತಪ್ಪು ಎಂದೇ ನಮ್ಮ ಅಭಿಪ್ರಾಯ.

ಕಾಗದದ ಕೆಲಸ ಮುಗಿದ ಮೇಲೆ ವಾಕ್ಯ. ಅಜ್ಜ, ಅಣ್ಣ, ಹುಡುಗ, ಸಭಾಪಾಲಕರು ಒಂದೇ ಮೇಜಿಗೆ ಕೂತು ರೋಮಾಪುರದವರಿಗೆ 12:14ರಿಂದ 13:10ರವರೆಗೆ ಅಧ್ಯಾಯದ ಗೆರೆ ಮರೆತು ಒಂದೇ ಸಲ ಗಟ್ಟಿಯಾಗಿ ಓದುವುದು ಕ್ರಮ. ಅಧ್ಯಾಯ, ವಚನಗಳ ವಿಂಗಡಣೆ ಪೌಲನದಲ್ಲ, ಶತಮಾನಗಳ ನಂತರ ಬಂದದ್ದು. ಒಟ್ಟಿಗೆ ಓದಿದಾಗ ಅಜ್ಜನ ವಾದಕ್ಕೂ ಅಣ್ಣನ ವಾದಕ್ಕೂ ಏಟು ಬೀಳುತ್ತದೆ. ನೀವೇ ಮುಯ್ಯಿ ತೀರಿಸಬೇಡಿ, ವೈರಿ ಹಸಿದಿದ್ದರೆ ಊಟ ಕೊಡಿ ಎಂದ ಕೂಡಲೇ ಪೌಲ ಅಧಿಕಾರಿಯ ಕತ್ತಿಯ ಮಾತಿಗೆ ಬರುತ್ತಾನೆ. ತನ್ನ ಸಿಟ್ಟು ತೀರಿಸಿಕೊಳ್ಳಲು ಯಾರೂ ಕತ್ತಿ ಹಿಡಿಯುವಂತಿಲ್ಲ. ಕೆಡುಕನ್ನು ತಡೆಯುವ ಕೆಲಸ ಅಧಿಕಾರದ್ದು. ಆದರೆ ಅಲ್ಲಿ ಪೌಲ ಕಂದಾಯ, ಸುಂಕದ ಮಾತೂ ಆಡುತ್ತಾನೆ. ಅದು ಊರೊಳಗಿನ ನ್ಯಾಯಪಾಲನೆಯ ಸಂದರ್ಭ. ಅದನ್ನೇ ಎಲ್ಲ ಯುದ್ಧಕ್ಕೂ ಕೊಟ್ಟ ಪರವಾನಗಿ ಎಂದು ಎಳೆಯಲು ಬರುವುದಿಲ್ಲ. ಕಡೆಗೆ ಆ ಭಾಗ ಮುಗಿಯುವುದು ಪ್ರೀತಿ ನೆರೆಯವನಿಗೆ ಕೇಡು ಮಾಡುವುದಿಲ್ಲ ಎಂಬಲ್ಲಿ.

ಸೈನಿಕರ ಪ್ರಸಂಗಗಳನ್ನೂ ಬಿಡದೆ ನೋಡಬೇಕು. ಲೂಕ 3:14ರಲ್ಲಿ ಸಿಪಾಯಿಗಳು ಸ್ನಾನಿಕನಾದ ಯೋಹಾನನನ್ನು ನಾವೇನು ಮಾಡಬೇಕು ಎಂದು ಕೇಳುತ್ತಾರೆ. ಯಾರನ್ನೂ ಹೆದರಿಸಿ ಹಣ ಕೀಳಬೇಡಿ, ಸುಳ್ಳು ದೂರು ಹಾಕಬೇಡಿ, ಸಂಬಳ ಸಾಕೆನ್ನಿ ಎನ್ನುತ್ತಾನೆ. ಕೆಲಸ ಬಿಡಿ ಎನ್ನುವುದಿಲ್ಲ. ಕಪೆರ್ನೌಮಿನ ಶತಾಧಿಪತಿಯ, ಅಂದರೆ ನೂರು ಸಿಪಾಯಿಗಳ ಮೇಲಿನ ಅಧಿಕಾರಿಯ, ನಂಬಿಕೆಯನ್ನು ಯೇಸು ಮೆಚ್ಚುತ್ತಾನೆ. ಇನ್ನೊಬ್ಬ ರೋಮನ್ ಶತಾಧಿಪತಿ ಕೊರ್ನೇಲ್ಯ ದೀಕ್ಷಾಸ್ನಾನ ಪಡೆಯುತ್ತಾನೆ. ಅಜ್ಜನಿಗೆ ಇವು ಬಲ. ಆದರೆ ಕೊರ್ನೇಲ್ಯ ಆಮೇಲೆ ಸೈನ್ಯದಲ್ಲೇ ಉಳಿದನೋ ಬಿಟ್ಟನೋ ಗ್ರಂಥ ಹೇಳುವುದಿಲ್ಲ. ಹೇಳದ ಮಾತಿನ ಮೇಲೆ ಸಿದ್ಧಾಂತ ಕಟ್ಟಬಾರದು. ಇನ್ನೊಂದೆಡೆ ಗೆತ್ಸೇಮನೆಯಲ್ಲಿ ಪೇತ್ರ ಕತ್ತಿ ಬೀಸಿದ್ದು ನಿರಪರಾಧಿಯಾದ ತನ್ನ ಗುರುವನ್ನು ಕಾಪಾಡಲು. ಅದಕ್ಕಿಂತ ನ್ಯಾಯವಾದ ಕಾರಣ ಇರಲಾರದು. ಆದರೂ ಯೇಸು ಅದನ್ನು ಒರೆಗೆ ಹಾಕಿಸುತ್ತಾನೆ. ಅಣ್ಣನ ಮಾತಿಗೆ ಇದಕ್ಕಿಂತ ಗಟ್ಟಿ ಆಧಾರವಿಲ್ಲ, ಇದನ್ನು ಹಗುರ ಮಾಡುವ ಯಾವ ವ್ಯಾಖ್ಯಾನವೂ ನಮಗೆ ಒಪ್ಪಿಗೆಯಾಗಿಲ್ಲ. ಹಳೆಯ ಒಡಂಬಡಿಕೆಯ ಯೆಹೋಶುವ, ದಾವೀದರ ಯುದ್ಧಗಳನ್ನು ಈ ಮೇಜಿಗೆ ತರದಿರುವುದು ಒಳ್ಳೆಯದು. ಯಾವ ದೇಶದ ಸೇನೆಯೂ ಇಸ್ರಾಯೇಲಲ್ಲ. ಆ ಸಾಮ್ಯ ಹಿಡಿದವರು ಎದುರಿನವನನ್ನು ಇಸ್ರಾಯೇಲಿನ ವೈರಿ ಫಿಲಿಷ್ಟಿಯನನ್ನಾಗಿ ಮಾಡುತ್ತಾರೆ.

ಸಭೆಯ ಇತಿಹಾಸದಲ್ಲೂ ಎರಡೂ ದಾರಿ ಕಾಣುತ್ತವೆ. ಕ್ರಿ.ಶ. 295ರಲ್ಲಿ ಉತ್ತರ ಆಫ್ರಿಕದ ತೆಬೆಸ್ಸಾದಲ್ಲಿ 21 ವರ್ಷದ ಮ್ಯಾಕ್ಸಿಮಿಲಿಯನ್ ಎಂಬ ಯುವಕ ತಾನು ಕ್ರೈಸ್ತ, ಸೈನಿಕನಾಗಲಾರೆ ಎಂದು ಭರ್ತಿ ನಿರಾಕರಿಸಿ ತಲೆ ಕೊಟ್ಟ. ಆ ಕಾಲದಲ್ಲೇ ರೋಮನ್ ಸೈನ್ಯದಲ್ಲಿ ಕ್ರೈಸ್ತರೂ ಇದ್ದರು. ಮುಂದೆ ಅಗಸ್ಟೀನ, ಅಕ್ವಿನಾಸ್ ಎಂಬ ದೈವಶಾಸ್ತ್ರಿಗಳಿಂದ ನ್ಯಾಯಯುದ್ಧದ ಅಳತೆಗಳು ರೂಪುಗೊಂಡವು: ಯುದ್ಧ ಸಾರಲು ಅಧಿಕಾರವುಳ್ಳವನೇ ಸಾರಬೇಕು, ಕಾರಣ ನ್ಯಾಯವಾಗಿರಬೇಕು, ಉದ್ದೇಶ ಸಮಾಧಾನವಾಗಿರಬೇಕು. 1527ರಲ್ಲಿ ಯುರೋಪಿನ ಸುಧಾರಣಾ ಕಾಲದ ಅನಾಬ್ಯಾಪ್ಟಿಸ್ಟರೆಂಬ ಪಂಗಡದವರು ಕತ್ತಿ ಪೂರ್ತಿ ಬೇಡವೆಂದರು. ಮೆನ್ನೊನೈಟ್ ಸಭೆಗಳು ಆ ಪರಂಪರೆಯವು. ಬೆಟಗೇರಿಯವರಿಗೆ ನೇರ ಸಂಬಂಧದ್ದು ಬೇರೆ ಎರಡು. ಬಾಸೆಲ್ ಮಿಶನ್ನಿನೊಳಗಿನ ಲುಥೆರನ್ ಬೇರಿನಿಂದ ಲುಥೆರನ್ನರ ನಂಬಿಕೆಯ ಹೇಳಿಕೆಯಾದ 1530ರ ಆಗ್ಸ್‌ಬರ್ಗ್ ಒಪ್ಪಿಗೆಯ 16ನೆಯ ವಿಧಿ. ಸಿಎಸ್‌ಐನ ಆಂಗ್ಲಿಕನ್ ಬೇರಿನಿಂದ ಇಂಗ್ಲೆಂಡಿನ ಸಭೆಯ ನಂಬಿಕೆ ಹೇಳುವ 39 ವಿಧಿಗಳಲ್ಲಿ 37ನೆಯದು. ಎರಡೂ ಕ್ರೈಸ್ತನು ಸೈನಿಕನಾಗಬಹುದು ಎನ್ನುತ್ತವೆ. ಅಜ್ಜನ ನಿಲುವು ಪರಂಪರೆಯ ನಿಲುವೇ ಹೌದು. ಆದರೆ ಇದೇ ಪರಂಪರೆಯ ಲುಥರ್ 1526ರಲ್ಲಿ ಒಬ್ಬ ಸೈನಿಕನ ಪ್ರಶ್ನೆಗೆ ಉತ್ತರ ಬರೆಯುವಾಗ ಒಂದು ಗೆರೆ ಎಳೆದ: ನಿನ್ನ ಅರಸನದು ಅನ್ಯಾಯದ ಯುದ್ಧವೆಂದು ನಿನಗೆ ಖಚಿತವಾಗಿ ಗೊತ್ತಿದ್ದರೆ ಹೋಗಬೇಡ, ಮನುಷ್ಯರಿಗಿಂತ ದೇವರಿಗೆ ವಿಧೇಯನಾಗು, ಗೊತ್ತಿಲ್ಲದಿದ್ದರೆ ಸಂಶಯದ ಮೇಲೆ ವಿಧೇಯತೆ ಬಿಡಬೇಡ.

ಈ ಮಾತು ಪುಸ್ತಕದಲ್ಲಿ ಚೆಂದ, ನೆಲದ ಮೇಲೆ ಎಷ್ಟು ಕಷ್ಟ ಎನ್ನುವುದನ್ನು ಬೆಟಗೇರಿ ಕಣ್ಣಾರೆ ಕಂಡಿದೆ. ಬಾಸೆಲ್ ಮಿಶನರಿಗಳು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂದರು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದದ್ದೇ ಜರ್ಮನ್ ಮಿಶನರಿಗಳು ಬ್ರಿಟಿಷ್ ಸರ್ಕಾರಕ್ಕೆ ವೈರಿಗಳಾದರು. ಅಹಮದನಗರದ ಬಂಧನ ಶಿಬಿರ ತುಂಬಿತು. ಕುಟುಂಬಗಳನ್ನು ಹಡಗು ಹತ್ತಿಸಿ ಕಳಿಸಲಾಯಿತು. ಜರ್ಮನ್ ಸಿಪಾಯಿಯ ಬೆಲ್ಟಿನ ಬಿಲ್ಲೆಯ ಮೇಲೆ “ದೇವರು ನಮ್ಮೊಂದಿಗೆ” ಎಂದಿತ್ತು. ಇಂಗ್ಲೆಂಡಿನ ದೇವಾಲಯಗಳಲ್ಲೂ ಜಯಕ್ಕಾಗಿ ಪ್ರಾರ್ಥನೆ. ದೀಕ್ಷಾಸ್ನಾನ ಕೊಟ್ಟ ಪಾದ್ರಿಯನ್ನು ಅದೇ ಕ್ರಿಸ್ತನ ಹೆಸರು ಹೇಳುವ ಸರ್ಕಾರ ಹಿಡಿದೊಯ್ದದ್ದನ್ನು ಇಲ್ಲಿಯ ಸಭೆ ನೋಡಿತು. ಬೆಟಗೇರಿಯ ಆಸ್ಪತ್ರೆಯನ್ನು ಜನ ಇಂದಿಗೂ ಜರ್ಮನ್ ದವಾಖಾನೆ ಎನ್ನುತ್ತಾರೆ. ಎರಡೂ ಕಡೆಯವರು ನ್ಯಾಯಯುದ್ಧವೆಂದೇ ಹೊರಟಿದ್ದರು ಎಂಬುದನ್ನು ಅಜ್ಜನ ಮುಂದಿಡಲು ಬೇರೆ ದೇಶದ ಉದಾಹರಣೆ ಹುಡುಕಬೇಕಿಲ್ಲ.

ಹಾಗಾದರೆ ಹುಡುಗನ ಪ್ರಶ್ನೆಗೆ ಉತ್ತರ? ನಮ್ಮ ಮಟ್ಟಿಗೆ ಅದಕ್ಕೆ ತೀರಾ ಹತ್ತಿರ ಬರುವುದು 4ನೆಯ ಶತಮಾನದ ಕೈಸರೈಯದ ಬಿಷಪ್ ಬೆಸಿಲ್. ಯುದ್ಧದಲ್ಲಿ ಕೊಂದದ್ದನ್ನು ನಮ್ಮ ಹಿರಿಯರು ಕೊಲೆ ಎಂದು ಎಣಿಸಲಿಲ್ಲ ಎಂದು ಅವನು ಒಪ್ಪುತ್ತಾನೆ. ಆದರೆ ಅವರ ಕೈ ಶುದ್ಧವಲ್ಲ, ಆದ್ದರಿಂದ ಮೂರು ವರ್ಷ ಕರ್ತನ ಭೋಜನದಿಂದ ದೂರ ಇರುವಂತೆ ಸಲಹೆ ಕೊಡುವುದು ಒಳ್ಳೆಯದೇನೋ ಎನ್ನುತ್ತಾನೆ. ಕೊಲೆಗಾರನಿಗೆ ಅವನೇ ಹೇಳಿದ್ದು 20 ವರ್ಷ. ಅಂದರೆ ಸೈನಿಕ ಕೊಲೆಗಾರನಲ್ಲ; ಏನೂ ಆಗದವನ ಹಾಗೆ ಬಂದು ಕೂರುವವನೂ ಅಲ್ಲ. ಈ ನಿಯಮ ಎಲ್ಲೆಡೆ ಜಾರಿಯಾಗಲಿಲ್ಲ, ಆದರೆ ಸತ್ತೂ ಹೋಗಲಿಲ್ಲ: 10ನೆಯ ಶತಮಾನದಲ್ಲಿ ಬೈಜಾಂಟಿಯಂ ಚಕ್ರವರ್ತಿ ನಿಕಿಫೊರಸ್ ಫೋಕಸ್ ರಣದಲ್ಲಿ ಮಡಿದವರನ್ನೆಲ್ಲ ರಕ್ತಸಾಕ್ಷಿಗಳೆಂದು, ಅಂದರೆ ನಂಬಿಕೆಗಾಗಿ ಪ್ರಾಣ ಕೊಟ್ಟವರೆಂದು, ಘೋಷಿಸಿ ಎಂದಾಗ, ಸಭೆಯ ಮುಖ್ಯಸ್ಥರು ಇದೇ ನಿಯಮ ಎತ್ತಿ ತೋರಿಸಿ ಆಗುವುದಿಲ್ಲ ಎಂದರು. 1066ರ ಹೇಸ್ಟಿಂಗ್ಸ್ ಯುದ್ಧ ಗೆದ್ದ ನಾರ್ಮನ್ನರಿಗೂ ಅವರ ಬಿಷಪರು ಕೊಂದ ತಲೆಗೆ ಒಂದೊಂದು ವರ್ಷದ ಪ್ರಾಯಶ್ಚಿತ್ತ ವಿಧಿಸಿದ್ದರು. ಪೋಪ್ ಒಪ್ಪಿಗೆ ಇದ್ದ ಯುದ್ಧ ಅದು, ಗೆದ್ದ ಪಕ್ಷ. ಆದರೂ ಪ್ರಾಯಶ್ಚಿತ್ತ ತಪ್ಪಲಿಲ್ಲ.

ಇದನ್ನೇ ನಾವು ಹಿಡಿಯುತ್ತೇವೆ. ಕ್ರೈಸ್ತನು ಸೈನಿಕನಾಗಬಹುದು, ಕೊಂದದ್ದಕ್ಕೆ ದುಃಖಿಸುವ ಜಾಗ ಉಳಿಸಿಕೊಂಡರೆ. ಆ ಜಾಗ ಉಳಿಸುವ ಹೊಣೆ ಸಿಪಾಯಿ ಒಬ್ಬನದಲ್ಲ, ಕಳಿಸಿಕೊಟ್ಟ ಸಭೆಯದು. ಇದರರ್ಥ ಸಭಾಪಾಲಕರು ಮೂರು ವರ್ಷದ ಶಿಕ್ಷೆ ಹಾಕಬೇಕೆಂದಲ್ಲ. ಹಾಗೆ ಹಾಕುವ ಅಧಿಕಾರ ಅವರಿಗಿಲ್ಲ, ಹಾಕಿದರೆ ಆ ಹುಡುಗ ದೇವಾಲಯದ ಮೆಟ್ಟಿಲು ಹತ್ತುವುದಿಲ್ಲ. ಹುಡುಗನಿಗೆ ಕೊಟ್ಟ ಉತ್ತರ ಹೀಗಿರಬೇಕು: ಮೇಜು ನಿನಗೆ ಮುಚ್ಚಿಲ್ಲ. ಆ ದಿನ ಕೈ ಚಾಚಲು ಮನಸ್ಸು ಬಾರದಿದ್ದರೆ ಯಾರೂ ಬಲವಂತ ಮಾಡುವುದಿಲ್ಲ, ಯಾಕೆಂದು ಕೇಳುವುದಿಲ್ಲ. ನೀನು ಸಿದ್ಧನಾಗುವವರೆಗೆ ನಿನ್ನ ಪಕ್ಕ ಒಬ್ಬ ಹಿರಿಯರು ಕೂರುತ್ತಾರೆ.

ಯುದ್ಧ ನ್ಯಾಯವೋ ಅಲ್ಲವೋ ಎಂದು ಬಂಕರಿನಲ್ಲಿರುವ ಸಿಪಾಯಿಗೆ ತೂಗಲು ಬರುವುದಿಲ್ಲ. ಮಾಹಿತಿ ಅವನ ಕೈಯಲ್ಲಿರುವುದಿಲ್ಲ. ಆದರೆ ಯುದ್ಧದೊಳಗೆ ಹೇಗೆ ನಡೆದುಕೊಂಡೆ ಎನ್ನುವುದು ಪೂರ್ತಿ ಅವನದು. ಇಲ್ಲಿ ಕಾನೂನು ಅವನ ಪರ ಇದೆ. 41ನೆಯ ಸೆಕ್ಷನ್ ಹೇಳುವುದು ಕಾನೂನುಬದ್ಧ ಆಜ್ಞೆಯ ಬಗ್ಗೆ. ಶರಣಾದವನನ್ನು ಮುಗಿಸು, ಹೆಣವನ್ನು ಅಂಗಹೀನ ಮಾಡು, ಹೆಂಗಸರ ಮೇಲೆ ಕೈ ಹಾಕು ಎನ್ನುವುದು ಅಂಥ ಆಜ್ಞೆಯಲ್ಲ. 1949ರ ಜಿನೀವಾ ಒಪ್ಪಂದಗಳಿಗೆ ಭಾರತ ಬದ್ಧ, 1960ರಲ್ಲಿ ಅದಕ್ಕೆ ನಮ್ಮದೇ ಕಾಯ್ದೆಯೂ ಆಯಿತು. ಹುಡುಗ ಯಾವುದನ್ನು ಮಾಡುವುದಿಲ್ಲ ಎನ್ನುವುದನ್ನು ಮನೆಯಲ್ಲಿ ಕೂತೇ ಒಂದು ಹಾಳೆಯಲ್ಲಿ ಬರೆದಿಡಬೇಕು. ನಾಲ್ಕೇ ಸಾಲು ಸಾಕು, ಆದರೆ ಕೈಬರಹದಲ್ಲಿ. ಜೊತೆಗಾರ ಸತ್ತ ರಾತ್ರಿ ರಕ್ತ ಕುದಿಯುವಾಗ ಯಾರಿಗೂ ಹೊಸದಾಗಿ ಯೋಚಿಸಲು ಆಗುವುದಿಲ್ಲ. ಆಗ ನಡೆಸುವುದು ಮುಂಚೆಯೇ ಇತ್ಯರ್ಥವಾದದ್ದು ಮಾತ್ರ.

ಅಣ್ಣ ನಡುವೆ ಒಂದು ದಾರಿ ಸೂಚಿಸಿದ: ಗುಂಡು ಹೊಡೆಯದ ಕೆಲಸಕ್ಕೆ ಸೇರಲಿ, ಕ್ಲರ್ಕೋ ಅಡುಗೆಯೋ. ಕೇಳಲು ಸರಿ ಎನಿಸುತ್ತದೆ. ಆದರೆ ಸೈನ್ಯದಲ್ಲಿ ಕ್ಲರ್ಕ್, ಟ್ರೇಡ್ಸ್‌ಮನ್ ಎಲ್ಲರಿಗೂ ರೈಫಲ್ ತರಬೇತಿ ಇದೆ. ಗಡಿಯ ಘಟಕದಲ್ಲಿ ಅಡುಗೆಯವನೂ ಸೆಂಟ್ರಿ ನಿಲ್ಲಬೇಕಾಗಬಹುದು. ನಿಜವಾಗಿ ಬೇರೆಯಾದದ್ದು ನರ್ಸಿಂಗ್ ಅಸಿಸ್ಟೆಂಟ್. ಅದು ಅಗ್ನಿಪಥದ ಹೊರಗಿನ ಕಾಯಂ ಭರ್ತಿ. ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ, ಇಂಗ್ಲಿಷ್ ಇದ್ದು ಒಟ್ಟು 50, ವಿಷಯಕ್ಕೆ 40 ಶೇಕಡ ಬೇಕು. ವೈದ್ಯಕೀಯ ದಳದವರು ಆಯುಧ ಹಿಡಿಯುವುದು ತಮ್ಮ ಮತ್ತು ಗಾಯಾಳುಗಳ ರಕ್ಷಣೆಗೆ ಮಾತ್ರ. ಮೊದಲನೆಯ ಜಿನೀವಾ ಒಪ್ಪಂದದ 12ನೆಯ ವಿಧಿಯಂತೆ ಯಾರಿಗೆ ಮೊದಲು ಚಿಕಿತ್ಸೆ ಎನ್ನುವುದನ್ನು ಗಾಯದ ತುರ್ತು ನಿರ್ಧರಿಸುತ್ತದೆ, ಸಮವಸ್ತ್ರವಲ್ಲ. ವೈರಿಯ ಗಾಯ ದೊಡ್ಡದಿದ್ದರೆ ವೈರಿಗೇ ಮೊದಲು. ಮತ್ತಾಯ 5 ಹಿಡಿದು ಕೂತ ಅಣ್ಣ ಇದನ್ನು ಎರಡು ಸಲ ಓದಿಸಿ ಕೇಳಿದ. ಪ್ರವಾಹದಲ್ಲಿ ಜೀವ ಉಳಿಸುವ ಎನ್‌ಡಿಆರ್‌ಎಫ್ ಸೇರಲಿ ಎಂದು ಹೇಳುವವರೂ ಸಿಗುತ್ತಾರೆ. ಅದರ ಬೆಟಾಲಿಯನ್‌ಗಳು ಬಿಎಸ್‌ಎಫ್, ಸಿಆರ್‌ಪಿಎಫ್‌ನಂಥ ಪಡೆಗಳಿಂದ ಎರವಲು ಬಂದವರಿಂದ ತುಂಬಿದವು, ಬಂದೂಕು ತಪ್ಪಿಸುವ ದಾರಿಯಲ್ಲ.

ಕೊಲ್ಲುವ ವಿಷಯಕ್ಕಿಂತ ಬೇಗ ಎದುರಾಗುವುದು ಆರಾಧನೆಯ ವಿಷಯ, ಇದನ್ನು ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ರೆಜಿಮೆಂಟಿನಲ್ಲಿ ತುಕಡಿಯವರೆಲ್ಲ ಕೂಡಿ ಪೂಜೆಗೆ ಹೋಗುವ ಮಂದಿರ ಪರೇಡ್, ಎಲ್ಲ ಧರ್ಮದವರಿಗೂ ಸೇರಿದ ಸರ್ವಧರ್ಮ ಸ್ಥಳ ಇರುತ್ತವೆ. ಒಬ್ಬ ಕ್ರೈಸ್ತ ಅಧಿಕಾರಿ ತನ್ನ ತುಕಡಿಯವರ ಜೊತೆ ಹೋಗಿ ನಿಲ್ಲಲು ಸಿದ್ಧ, ಗರ್ಭಗುಡಿಯೊಳಗೆ ಹೋಗಲಾರೆ ಎಂದು ಪಟ್ಟು ಹಿಡಿದು 2021ರಲ್ಲಿ ವಜಾ ಆದರು; 2025ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್, ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ವಜಾವನ್ನು ಎತ್ತಿಹಿಡಿದವು. ಸಂವಿಧಾನದ 33ನೆಯ ವಿಧಿ ಸೇನೆಯವರ ಮೂಲಭೂತ ಹಕ್ಕುಗಳನ್ನು ಮಿತಿಗೊಳಿಸಲು ಸಂಸತ್ತಿಗೆ ಅಧಿಕಾರ ಕೊಡುತ್ತದೆ. ಆ ತೀರ್ಪಿನ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಹುಡುಗನಿಗೆ ಇದು ಹೊರಡುವ ಮುಂಚೆ ಗೊತ್ತಿರಬೇಕು. ಎಲ್ಲಿಯವರೆಗೆ ನಿಲ್ಲುತ್ತೀಯ, ಎಲ್ಲಿ ನಿಲ್ಲಲಾರೆ, ನಿಲ್ಲದಿದ್ದರೆ ಬರುವ ಫಲ ಉಣ್ಣಲು ಸಿದ್ಧನೇ ಎಂದು ನೇರವಾಗಿ ಕೇಳಬೇಕು.

ಹೀಗೆ ಮೇಜಿಗೆ ಕೂತ ನಾಲ್ಕು ಕೂಟ ಮುಗಿದವು. ಕೊನೆಯದರಲ್ಲಿ ಸಭಾಪಾಲಕರು ತೀರ್ಪು ಹೇಳಲಿಲ್ಲ. ರೋಮಾಪುರದವರಿಗೆ 14:23 ಓದಿ, ಮನಸ್ಸಿನಲ್ಲಿ ಸಂಶಯ ಇಟ್ಟುಕೊಂಡು ಸಹಿ ಹಾಕಬೇಡ, ಅಪ್ಪನ ಸಾಲಕ್ಕಾಗಿಯೂ ಹಾಕಬೇಡ ಎಂದರು. ಹುಡುಗ ಒಂದು ವಾರ ಯೋಚಿಸಿ, ಸೈನ್ಯಕ್ಕೆ ಹೋಗುವುದಾಗಿ ಹೇಳಿದ. ಜನರಲ್ ಡ್ಯೂಟಿಗೇ. ನರ್ಸಿಂಗ್ ಅಸಿಸ್ಟೆಂಟ್ ದಾರಿಯನ್ನು ಅವನೇ ಬೇಡವೆಂದ: “ಗುಂಡು ಬ್ಯಾರೆಯವ್ರು ಹೊಡೀಲಿ, ನನ್ನ ಕೈ ಚೊಕ್ಕ ಇರಲಿ ಅಂದಂಗಾಗ್ತೈತ್ರಿ ಅದು.” ಈ ತರ್ಕವನ್ನು ನಾವು ಪೂರ್ತಿ ಒಪ್ಪುವುದಿಲ್ಲ, ಗಾಯ ಕಟ್ಟುವುದು ತಪ್ಪಿಸಿಕೊಳ್ಳುವುದಲ್ಲ. ಆದರೆ ಅವನು ಯೋಚಿಸಿ ಹೇಳಿದ ಮಾತು ಅದು. ಅಣ್ಣ ಒಪ್ಪಲಿಲ್ಲ. ರೈಲು ಹತ್ತಿಸಲು ಬರುತ್ತೇನೆ, ಆಶೀರ್ವಾದದ ಪ್ರಾರ್ಥನೆಗೆ ನಿಲ್ಲುವುದಿಲ್ಲ ಎಂದ. ಹಾಗೇ ಇರಲಿ ಎಂದು ಬಿಟ್ಟದ್ದು ಸರಿ. ಎಲ್ಲರ ಬಾಯಲ್ಲೂ ಒಂದೇ ಮಾತು ಬರಿಸಲು ಹೊರಟರೆ ಅಣ್ಣತಮ್ಮಂದಿರ ನಡುವೆ ಉಳಿದಿರುವ ಮಾತೂ ನಿಲ್ಲುತ್ತದೆ.

ಸಭೆಯ ಆಡಳಿತ ನೋಡುವ ಪಾಸ್ಟರೇಟ್ ಕಮಿಟಿ ತನ್ನ ಪಾಲಿನ ಕೆಲಸವನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡಿತು. ಬೀಳ್ಕೊಡುಗೆಯ ದಿನ ವೈರಿ ದೇಶದ ಸಿಪಾಯಿಗಳ ತಾಯಂದಿರಿಗಾಗಿಯೂ ಪ್ರಾರ್ಥನೆ ಇರಬೇಕು. ತಿಂಗಳಿಗೊಮ್ಮೆ ಅವನಿಗೆ ಫೋನ್ ಮಾಡುವ ಹೊಣೆ ಒಬ್ಬ ಹಿರಿಯರ ಹೆಸರಿಗೆ. ಅಜ್ಜನ ಹೆಸರಿಗಲ್ಲ, ಯಾಕೆಂದರೆ ಮೊಮ್ಮಗ ಅಜ್ಜನ ಮುಂದೆ ಎಲ್ಲ ಹೇಳುವುದಿಲ್ಲ. ಸೂಟಿಗೆ ಬಂದಾಗ ವೇದಿಕೆ ಹತ್ತಿಸಿ ಅನುಭವ ಹೇಳಿಸುವಂತಿಲ್ಲ. ನಿದ್ದೆ ಬಾರದಿರುವುದು, ಕುಡಿತ ಶುರುವಾಗುವುದು, ಮನೆಯವರ ಮೇಲೆ ಕಾರಣವಿಲ್ಲದೆ ರೇಗುವುದು ಕಂಡರೆ ಪ್ರಾರ್ಥನೆಯ ಜೊತೆಗೆ ವೈದ್ಯರು: ಸೇವೆಯಲ್ಲಿರುವಾಗ ಘಟಕದ ವೈದ್ಯಾಧಿಕಾರಿ, ಹೊರಬಂದ ಮೇಲೆ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆ, ತುರ್ತಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416. ಇದನ್ನು ಸಭೆಯೇ ಬರೆದುಕೊಳ್ಳಬೇಕಾದ ಕಾರಣ ಇದೆ. ನಾಲ್ಕು ವರ್ಷಕ್ಕೆ ಹೊರಬರುವ ಅಗ್ನಿವೀರನಿಗೆ ಪಿಂಚಣಿ ಇಲ್ಲ, ಮಾಜಿ ಸೈನಿಕರ ಆರೋಗ್ಯ ಯೋಜನೆಯೂ ಇಲ್ಲ. ಕಾಯಂ ಆಗುವುದು ನೂರಕ್ಕೆ 25ರವರೆಗೆ. ಉಳಿದವರು 24ರ ಆಸುಪಾಸಿನಲ್ಲಿ, ಕಂಡದ್ದನ್ನೆಲ್ಲ ಹೊತ್ತು, ಬೆಟಗೇರಿಯಂಥ ಓಣಿಗೇ ಹೊಳ್ಳಿ ಬರುತ್ತಾರೆ.

ಮೊದಲ ಸೂಟಿಗೆ ಬಂದಾಗ ಅದೇ ನಾಲ್ಕು ಸಾಲಿನ ಹಾಳೆ ಇಟ್ಟುಕೊಂಡು ಸಭಾಪಾಲಕರೂ ಆ ಹಿರಿಯರೂ ಅವನ ಜೊತೆ ಕೂರಬೇಕು, ಯಾವ ಸಾಲು ಕಷ್ಟವಾಯಿತು ಎಂದು ಕೇಳಬೇಕು ಎಂದು ಕಮಿಟಿ ಗೊತ್ತುಪಡಿಸಿತು. ಬೇಕಿದ್ದರೆ ಅಣ್ಣನೂ ಬಂದು ಕೂರಬಹುದು ಎಂದು ಅಜ್ಜನೇ ಸೇರಿಸಿ ಬರೆಸಿದರು.